ಬೆಂಗಳೂರಿನ ತಾರಸಿಯ ಮೇಲೆ ತಿಣುಕುವ ಡಿಷ್ ಮೋಟರ್

ಎಂಟಡಿಯ ಮೆಶ್ ಡಿಷ್, 36 ವೋಲ್ಟ್‌ನ ಆಕ್ಚುಯೇಟರ್, ಅಂದರೆ ಡಿಷ್ ಅನ್ನು ತಳ್ಳಿ ಎಳೆದು ತಿರುಗಿಸುವ ಮೋಟರ್ ಕೊಳವೆ. 66 ಡಿಗ್ರಿ ಪೂರ್ವ ರೇಖಾಂಶದ ಇಂಟೆಲ್‌ಸ್ಯಾಟ್-17 ಉಪಗ್ರಹದಿಂದ 105.5ರ ಏಷ್ಯಾಸ್ಯಾಟ್-7ರ ತನಕ ಸಲೀಸಾಗಿ ಓಡಾಡುತ್ತಿದ್ದದ್ದು ಈಗ ಪೂರ್ವಕ್ಕೆ ಬಾಗಿದ ಮೇಲೆ ವಾಪಸ್ ಏಳಲು ತಿಣುಕುತ್ತದೆ, ಗುಂಯ್ ಎಂದು ಸದ್ದು ಮಾಡಿ ನಿಂತುಬಿಡುತ್ತದೆ. ಮೋಟರ್ ಹೋಯಿತು ಎಂದುಕೊಂಡು ಎಸ್.ಪಿ. ರೋಡಿನಿಂದ ಇನ್ನೂ ದೊಡ್ಡದೊಂದನ್ನು ತರುವ ಮೊದಲು ಮಲ್ಟಿಮೀಟರ್, ಗಟ್ಟಿ ಹಗ್ಗ ಮತ್ತು ಸ್ಪ್ರಿಂಗ್ ತಕ್ಕಡಿ ಹಿಡಿದು ತಾರಸಿ ಹತ್ತಿ. ದೊಡ್ಡ ಮೋಟರ್ ಹಾಕಿದರೆ ಡಿಷ್ ಓಡಬಹುದು. ಆದರೆ ಹಳೆಯದನ್ನು ತಿಣುಕಿಸಿದ ಭಾರ ಹಾಗೇ ಉಳಿಯುತ್ತದೆ, ಮುಂದಿನ ಸಲ ಬಗ್ಗುವುದು ಮೌಂಟಿನ ರಿಂಗ್.

ನಮ್ಮ ಊರಿನ ತೊಂದರೆ ಅಕ್ಷಾಂಶದಲ್ಲಿದೆ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರದಲ್ಲಿ. ಪೋಲಾರ್ ಮೌಂಟಿನ (ಒಂದೇ ಅಕ್ಷದ ಸುತ್ತ ಡಿಷ್ ತಿರುಗಿಸಿ ಎಲ್ಲ ಉಪಗ್ರಹ ಹಿಡಿಯುವ ಚೌಕಟ್ಟಿನ) ಅಕ್ಷವೂ ನೆಲಕ್ಕೆ ಅಷ್ಟೇ ಓರೆಯಾಗಿರುತ್ತದೆ, ಅಂದರೆ ಹೆಚ್ಚೂಕಮ್ಮಿ ಮಲಗಿರುತ್ತದೆ. ಡಿಷ್ ಅದರ ಮೇಲೆ ಕೂತು ಆಕಾಶ ನೋಡುತ್ತದೆ. 83 ಡಿಗ್ರಿಯ ಜಿಸ್ಯಾಟ್-30ರ ಮೇಲಿದ್ದಾಗ ತೂಕ ಬಹುತೇಕ ಅಕ್ಷದ ಮೇಲೇ ಬೀಳುವುದರಿಂದ ಮೋಟರಿಗೆ ಹೆಚ್ಚು ಕೆಲಸವಿಲ್ಲ. ಪಕ್ಕಕ್ಕೆ ಬಾಗಿದಷ್ಟೂ ತೂಕ ಹೊರಕ್ಕೆ ಎಳೆಯುತ್ತದೆ. ಲಂಡನ್ನಿನ 51.5 ಡಿಗ್ರಿಯಲ್ಲಿ ಡಿಷ್‌ನ ತೂಕದ ಸುಮಾರು ಶೇ. 62 ಮಾತ್ರ ಹೀಗೆ ಅಕ್ಷದ ಸುತ್ತ ಬೀಳಿಸಲು ನೋಡುತ್ತದೆ. ಇಲ್ಲಿ ಶೇ. 97. ಯುರೋಪಿನ ಮ್ಯಾನುಯಲ್‌ಗಳಲ್ಲಿ ಇಂಥ ಮೋಟರಿಗೆ ಇಷ್ಟು ದೊಡ್ಡ ಡಿಷ್ ಎಂದು ಕೊಡುವ ಪಟ್ಟಿಯನ್ನು ನಮ್ಮಲ್ಲಿ ಹಾಗೇ ನಂಬಬಾರದು.

ಲೆಕ್ಕ ಹಾಕಿ ನೋಡೋಣ. ಡಿಷ್, ಎಲ್‌ಎನ್‌ಬಿ (ಸಿಗ್ನಲ್ ಹಿಡಿಯುವ ತಲೆ), ರಿಂಗ್ ಎಲ್ಲ ಸೇರಿ 30 ಕೆಜಿ, ಅದರ ಭಾರಕೇಂದ್ರ ಅಕ್ಷದಿಂದ 25 ಸೆಂ.ಮೀ. ಮೇಲೆ ಎಂದಿಟ್ಟುಕೊಳ್ಳಿ. 105.5 ಡಿಗ್ರಿಗೆ ಹೋಗಲು ಡಿಷ್ ಅಕ್ಷದ ಸುತ್ತ ಸುಮಾರು 32 ಡಿಗ್ರಿ ಬಾಗಬೇಕು. ಆಗ ಬೀಳಿಸುವ ತಿರುಗುಬಲ (ಟಾರ್ಕ್) ಸುಮಾರು 390 ಕೆಜಿ-ಸೆಂ.ಮೀ. ಆ ಜಾಗದಲ್ಲಿ ಆಕ್ಚುಯೇಟರ್ ಅಕ್ಷದಿಂದ 20 ಸೆಂ.ಮೀ. ದೂರದಲ್ಲಿ ಎಳೆಯುತ್ತಿದ್ದರೆ 20 ಕೆಜಿ ಬಲ ಸಾಕು. ಆಕ್ಚುಯೇಟರ್ ಹಿಡಿದಿರುವ ಕ್ಲಾಂಪ್ ತಪ್ಪು ಜಾಗದಲ್ಲಿದ್ದು ಆ ದೂರ 6 ಸೆಂ.ಮೀ.ಗೆ ಇಳಿದಿದ್ದರೆ ಅದೇ ಕೆಲಸಕ್ಕೆ 65 ಕೆಜಿ ಬೇಕು. ಗಾಳಿ, ತುಕ್ಕು, ಒಣಗಿದ ಬುಷ್ ಇದರ ಮೇಲೆ ಸೇರುತ್ತವೆ. 66 ಡಿಗ್ರಿಯ ಕಡೆ ಬಾಗು 14 ಡಿಗ್ರಿಯೂ ಆಗದು. ಅದಕ್ಕೇ ನಮ್ಮಲ್ಲಿ ತಿಣುಕಾಟ ಸಾಮಾನ್ಯವಾಗಿ ಪೂರ್ವದ ಕೊನೆಯಲ್ಲಿ ಶುರುವಾಗುತ್ತದೆ.

ಮೇಲೆ ಹತ್ತುವ ಮುಂಚೆ ಡಿಷ್ ಹೇಗೆ ನಿಲ್ಲುತ್ತದೆ ಎಂದು ಗಮನಿಸಿ. ಎರಡು ಕಡೆಗೂ, ಎಲ್ಲ ಜಾಗದಲ್ಲೂ ನಿಧಾನವಾದರೆ ವೋಲ್ಟೇಜ್ ಸಾಲುತ್ತಿಲ್ಲ. ಒಂದು ತುದಿಯಿಂದ ಏಳುವಾಗ ಮಾತ್ರ ಒದ್ದಾಡಿದರೆ ತೂಕದ ಅಥವಾ ಕ್ಲಾಂಪ್ ಜಾಗದ ತಕರಾರು. ಸರಾಗವಾಗಿ ಹೊರಟು ಕೆಲವೇ ಸೆಕೆಂಡಿಗೆ ನಿಂತು ಪೊಸಿಷನರ್ (ಮನೆಯೊಳಗಿಂದ ಮೋಟರ್ ಓಡಿಸುವ ಪೆಟ್ಟಿಗೆ) ಎರರ್ ತೋರಿಸಿದರೆ ಮೋಟರಿನ ಶಕ್ತಿಯ ಪ್ರಶ್ನೆಯೇ ಅಲ್ಲ: ಮೋಟರಿನ ಸುತ್ತು ಎಣಿಸುವ ರೀಡ್ ಸ್ವಿಚ್ಚಿನ ಪಲ್ಸ್ ಬರುತ್ತಿಲ್ಲ, ಮೋಟರ್ ಸಿಕ್ಕಿಹಾಕಿಕೊಂಡಿದೆ ಎಂದು ಪೊಸಿಷನರ್ ಭಾವಿಸಿ ಕರೆಂಟ್ ಕಡಿದಿದೆ. ಒಂದು ತುದಿ ಮುಟ್ಟಿದ ಮೇಲೆ ಹಿಂದಕ್ಕೆ ಬರುವುದೇ ಇಲ್ಲ ಎಂದರೆ ತುದಿಯಲ್ಲಿ ಮೋಟರ್ ನಿಲ್ಲಿಸುವ ಲಿಮಿಟ್ ಸ್ವಿಚ್ಚಿಗೆ ಅಡ್ಡಲಾಗಿರುವ ಡಯೋಡ್ ಸುಟ್ಟಿದೆ. ಅಲ್ಲಿ 6ಎ4 ಹಾಕಿ, ದಿಕ್ಕು ಹಳೆಯದರಂತೆಯೇ ಇರಲಿ.

ವೋಲ್ಟೇಜನ್ನು ಮೋಟರ್ ಓಡುತ್ತಿರುವಾಗಲೇ ಅಳೆಯಬೇಕು. ಸುಮ್ಮನೆ ನಿಂತಾಗ ಎಂಥ ಕೆಟ್ಟ ತಂತಿಯಲ್ಲೂ ಪೂರ್ತಿ 36 ಕಾಣುತ್ತದೆ. ಒಬ್ಬರು ಕೆಳಗೆ ಬಟನ್ ಒತ್ತಲಿ, ಇನ್ನೊಬ್ಬರು ಆಕ್ಚುಯೇಟರಿನ ಮುಚ್ಚಳ ತೆಗೆದು ಮೋಟರಿನ ಎರಡು ಟರ್ಮಿನಲ್‌ಗೆ ಮೀಟರ್ ಹಿಡಿಯಲಿ. ಪೊಸಿಷನರ್ ಕಡೆ 35 ಇದ್ದು ಇಲ್ಲಿ 27 ಇದ್ದರೆ ಮಧ್ಯದ ತಂತಿಯಲ್ಲೋ ಜಾಯಿಂಟಿನಲ್ಲೋ 8 ವೋಲ್ಟ್ ಕರಗುತ್ತಿದೆ. ಮನೆಯೊಳಗಿಂದ ಡಿಷ್‌ಗೆ 25 ಮೀಟರ್ ಇದ್ದರೆ ಹೋಗಿ ಬರುವ ದಾರಿ 50 ಮೀಟರ್. ಮೋಟರ್ 4 ಆಂಪ್ ಎಳೆದಾಗ 0.5 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ ಏಳೂವರೆ ವೋಲ್ಟಿನಷ್ಟು ಬೀಳುತ್ತದೆ, 1 ಚದರ ಮಿ.ಮೀ.ನಲ್ಲಿ ಸುಮಾರು 3.7, 2.5ರಲ್ಲಿ ಒಂದೂವರೆ. ಮಿಕ್ಕಿದ ಲ್ಯಾನ್ ಕೇಬಲ್ಲಿನ ಒಂದು ಜೋಡಿಯಲ್ಲಿ ಮೋಟರ್ ಓಡಿಸಲು ಹೋದರೆ ಅರ್ಧದಷ್ಟು ವೋಲ್ಟೇಜ್ ದಾರಿಯಲ್ಲೇ ಹೋಗುತ್ತದೆ. ಅಂಥ ತೆಳು ಜೋಡಿ ರೀಡ್ ಸ್ವಿಚ್ಚಿಗೆ ಸರಿ, ಮೋಟರಿಗೆ ಬೇಡ. ಪೊಸಿಷನರಿನ ಬಾಯಲ್ಲೇ ವೋಲ್ಟೇಜ್ 28ಕ್ಕೆ ಕುಸಿದರೆ ಅದರೊಳಗಿನ ಫಿಲ್ಟರ್ ಕೆಪಾಸಿಟರ್ ಅಥವಾ ಬ್ರಿಡ್ಜ್ ನೋಡಿ. ಮೇನ್ಸ್ ಕೂಡ ಅಳೆಯಿರಿ. 230 ಇರಬೇಕಾದಲ್ಲಿ 200 ಇದ್ದರೆ, ಟ್ರಾನ್ಸ್‌ಫಾರ್ಮರ್ ಇರುವ ಪೊಸಿಷನರಿನ 36 ವೋಲ್ಟ್ 31ಕ್ಕೆ ಇಳಿಯುತ್ತದೆ.

ವೋಲ್ಟೇಜ್ ಸರಿಯಿದ್ದರೆ ಆಕ್ಚುಯೇಟರನ್ನು ಡಿಷ್‌ನಿಂದ ಬಿಡಿಸಿ ನೋಡಬೇಕು. ಇಲ್ಲಿ ಎಚ್ಚರ ಬೇಕೇ ಬೇಕು. ಅಕ್ಷ ಮಲಗಿರುವುದರಿಂದ ಬೋಲ್ಟ್ ತೆಗೆದ ಕ್ಷಣ ಡಿಷ್ ಧಡಾರನೆ ಒಂದು ಪಕ್ಕಕ್ಕೆ ಬೀಳುತ್ತದೆ, ಅಂಚಿನಲ್ಲಿ ಕೈ ಇದ್ದರೆ ಬೆರಳು ಉಳಿಯದು. ಡಿಷ್ ನಡುಮಧ್ಯಕ್ಕೆ ತಂದು, ಪೂರ್ವ ಪಶ್ಚಿಮ ಎರಡೂ ಅಂಚಿಗೆ ಹಗ್ಗ ಕಟ್ಟಿ, ಪವರ್ ತೆಗೆದು, ಆಮೇಲೆ ಬೋಲ್ಟಿಗೆ ಕೈ ಹಾಕಿ. ಜೂನ್‌ನಿಂದ ಆಗಸ್ಟ್‌ವರೆಗಿನ ಪಶ್ಚಿಮದ ಗಾಳಿಯಲ್ಲಿ ಈ ಕೆಲಸ ಬೇಡ. ಮಾಡಲೇಬೇಕಾದರೆ ಗಾಳಿ ಏಳುವ ಮುಂಚಿನ ಬೆಳಗಿನ ಹೊತ್ತಲ್ಲಿ ಮಾಡಿ.

ಈಗ ಇಬ್ಬರು ಹಗ್ಗ ಹಿಡಿದು ಡಿಷ್ ಅನ್ನು 105.5ರ ಜಾಗಕ್ಕೆ ನಿಧಾನವಾಗಿ ಬಾಗಿಸಿ. ತಗ್ಗಿದ ಅಂಚಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಮೆಲ್ಲಗೆ ಮೇಲೆತ್ತುತ್ತಾ ಓದಿ, ಮತ್ತೆ ಮೆಲ್ಲಗೆ ಇಳಿಸುತ್ತಾ ಓದಿ. ಎತ್ತುವಾಗ 6 ಕೆಜಿ, ಇಳಿಸುವಾಗ 1 ಕೆಜಿ ಎಂದುಕೊಳ್ಳಿ. ಎರಡರ ಸರಾಸರಿ ಮೂರೂವರೆ, ಅದು ತೂಕದ ಪಾಲು. ವ್ಯತ್ಯಾಸದ ಅರ್ಧ ಎರಡೂವರೆ, ಅದು ಘರ್ಷಣೆ. ಈ ಒಂದು ಅಳತೆ ಎಷ್ಟೋ ಊಹಾಪೋಹ ಉಳಿಸುತ್ತದೆ. ಘರ್ಷಣೆ ಅರ್ಧ ಕೆಜಿ ದಾಟಿದರೆ ಪಿವಟ್ ಬೋಲ್ಟ್ ಬಿಚ್ಚಿ ಬುಷ್ ನೋಡಿ. ತುಕ್ಕು ಉಜ್ಜಿ, ಲಿಥಿಯಂ ಗ್ರೀಸ್ ತುಂಬಿ, ನೈಲಾಕ್ ನಟ್ಟನ್ನು ಆಟವಿಲ್ಲದಷ್ಟು ಮಾತ್ರ ಬಿಗಿ ಮಾಡಿ. ಡಿಷ್ ಅಲುಗಾಡುತ್ತದೆಂದು ಪಿವಟ್ ನಟ್ಟನ್ನೇ ಜೋರಾಗಿ ಬಿಗಿದಿಡುವುದು ಮೋಟರ್ ಸುಡುವ ಖಚಿತವಾದ ದಾರಿ.

ತೂಕದ ಪಾಲು ಹೆಚ್ಚಿದ್ದರೆ ಪ್ರತಿತೂಕ ಕಟ್ಟಿ. ಮೇಲಿನ ಲೆಕ್ಕದಲ್ಲಿ 30 ಕೆಜಿ 25 ಸೆಂ.ಮೀ. ಮೇಲಿದೆ, ಅಂದರೆ 750 ಕೆಜಿ-ಸೆಂ.ಮೀ. ಅದರ ಅರ್ಧ ತೆಗೆದರೂ ಮೋಟರ್ ಉಸಿರಾಡುತ್ತದೆ: ಅಕ್ಷದಿಂದ 60 ಸೆಂ.ಮೀ. ಕೆಳಗೆ ಒಟ್ಟು 6 ಕೆಜಿ ಸಾಕು. ರಿಂಗಿನ ಹಿಂಬದಿಯಿಂದ ಎರಡು ಜಿಐ ಪೈಪ್ ಇಳಿಸಿ, ಕಂಬದ ಆಚೀಚೆ ಮೂರು ಮೂರು ಕೆಜಿ ಕಟ್ಟಿ. ಜಿಮ್ಮಿನ ಹಳೆಯ ಕಬ್ಬಿಣದ ಪ್ಲೇಟ್ ಇದಕ್ಕೆ ಹೇಳಿ ಮಾಡಿಸಿದಂತಿದೆ. ತುದಿಯಿಂದ ತುದಿಗೆ ಕೈಯಲ್ಲೇ ಓಡಿಸಿ ಪೈಪ್ ಕಂಬಕ್ಕೆ ತಾಗುವುದಿಲ್ಲ ಎಂದು ನೋಡಿಕೊಳ್ಳಿ. ಪೂರ್ತಿ ಸಮತೋಲ ಮಾಡಲು ಹೋಗಬೇಡಿ. ಆಗ ಗೇರಿನ ಸಡಿಲಕ್ಕೆ ಒಂದು ಕಡೆಯ ಒತ್ತಡ ಇಲ್ಲದೆ ಗಾಳಿಗೆ ಡಿಷ್ ತೊನೆಯುತ್ತದೆ.

ಬಿಡಿಸಿಟ್ಟ ಆಕ್ಚುಯೇಟರನ್ನು ಬರಿಗೈಲಿ ಓಡಿಸಿ ಆಂಪ್ ಬರೆದಿಟ್ಟುಕೊಳ್ಳಿ. ಮೀಟರ್ 10 ಆಂಪ್ ರೇಂಜಿನಲ್ಲಿರಲಿ. ಭಾರವಿಲ್ಲದೆಯೂ ಲೇಬಲ್ಲಿನಲ್ಲಿರುವ ಪೂರ್ತಿ ಕರೆಂಟಿನ ಹತ್ತಿರ ಎಳೆದರೆ ಅದರೊಳಗೆ ನೀರು ಹೋಗಿದೆ. ರಬ್ಬರ್ ಬೆಲ್ಲೋಸ್ ಬಿಸಿಲಿಗೆ ಸೀಳುತ್ತದೆ, ಸೆಪ್ಟೆಂಬರ್–ಅಕ್ಟೋಬರಿನ ರಾತ್ರಿಮಳೆ ಕೊಳವೆಗಿಳಿದು ಸ್ಕ್ರೂ ತುಕ್ಕು ಹಿಡಿಯುತ್ತದೆ. ಮೋಟರಿನ ಪೆಟ್ಟಿಗೆಯ ತೂತು ಕೆಳಮುಖವಾಗಿರಬೇಕು, ಮಣ್ಣಿನ ಗೂಡು ಕಟ್ಟುವ ಕಣಜ ಅದನ್ನು ಮುಚ್ಚಿರದಂತೆ ನೋಡಿ. ಒಳಕೊಳವೆ ಬಾಗಿದ್ದರೆ ರಿಪೇರಿ ಬೇಡ, ಅದು ಮತ್ತೆ ನೇರವಾಗಿ ಕೂರುವುದಿಲ್ಲ.

ಚಿಕ್ಕ ಡಿಷ್ ಸಾಲುವ ಕೆಯು ಬ್ಯಾಂಡಿನ 90 ಸೆಂ.ಮೀ. ಡಿಷ್‌ಗೆ ಹಾಕುವ ಡಿಸೆಕ್ (ರಿಸೀವರಿನ ಕೇಬಲ್ಲಿನಲ್ಲೇ ಆಜ್ಞೆ ಪಡೆಯುವ) ಮೋಟರಿನ ಕಥೆ ಚಿಕ್ಕದು, ಅದಕ್ಕೆ ಪವರ್ ಬರುವುದು ಆರ್‌ಜಿ-6 ಕೇಬಲ್ಲಿನಲ್ಲೇ. ಕೇಬಲ್ಲಿನ ನಡುತಂತಿಗೆ ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಅದು ತಾಮ್ರ ಲೇಪಿಸಿದ ಉಕ್ಕು, 30 ಮೀಟರಿಗೆ ಸುಮಾರು 3 ಓಮ್. ಅರ್ಧ ಆಂಪ್ ಹರಿದಾಗ ಒಂದೂವರೆ ವೋಲ್ಟ್ ಅದರಲ್ಲೇ ಹೋಗುತ್ತದೆ. ಅಪ್ಪಟ ತಾಮ್ರದ್ದರಲ್ಲಿ ಅದರ ಕಾಲುಭಾಗವೂ ಇಲ್ಲ. ಲಂಬ ಧ್ರುವೀಕರಣದ ಚಾನೆಲ್ಲಿನಲ್ಲಿ 13 ವೋಲ್ಟ್ ಮಾತ್ರ ಬರುವುದರಿಂದ ಮೋಟರ್ ನಿಧಾನವಾಗುವುದು ಸಹಜ. ಡಿಷ್ ಸರಿಸುವ ಮುಂಚೆ ಸಮತಲ ಧ್ರುವೀಕರಣದ ಚಾನೆಲ್ ಹಾಕಿದರೆ 18 ಸಿಗುತ್ತದೆ.

ಎಲ್ಲ ಜೋಡಿಸಿದ ಮೇಲೆ ಹಳೆಯ ಪಲ್ಸ್ ಎಣಿಕೆ ಉಪಯೋಗಕ್ಕೆ ಬಾರದು. ಪಶ್ಚಿಮದ ಲಿಮಿಟ್ಟಿಗೆ ಓಡಿಸಿ ಪೊಸಿಷನರನ್ನು ಸೊನ್ನೆ ಮಾಡಿ, 66ರಿಂದ ಶುರುಮಾಡಿ ಒಂದೊಂದೇ ಉಪಗ್ರಹವನ್ನು ಸದಾ ಒಂದೇ ದಿಕ್ಕಿನಿಂದ ಬಂದು ಹಿಡಿದು ಸ್ಟೋರ್ ಮಾಡಿ. 105.5 ದಾಟಿ ಒಂದೆರಡು ಡಿಗ್ರಿ ಆದಮೇಲೆ ಪೂರ್ವದ ಸಾಫ್ಟ್‌ವೇರ್ ಲಿಮಿಟ್ ಹಾಕಿಬಿಡಿ.