ಎಡಬದಿಯ ಪಟ್ಟಿಯನ್ನು ಕೆಲಸಕ್ಕೆ ಒಗ್ಗಿಸಿಕೊಂಡ ಭಾನುವಾರ

ಮೂರು ಇಮೇಲ್ ಖಾತೆಗಳನ್ನು ಒಂದೇ ಆ್ಯಪ್‌ನಲ್ಲಿ ಇಟ್ಟುಕೊಂಡವರಿಗೆ ಇಮೇಲ್‌ಗಿಂತ ಮೊದಲು ಕಣ್ಣಿಗೆ ಬೀಳುವುದು ಎಡಬದಿಯ ಫೋಲ್ಡರ್ ಪಟ್ಟಿ. ನಾನು ಬಳಸುವ ಥಂಡರ್‌ಬರ್ಡ್‌ನಲ್ಲಿ ಪ್ರತಿ ಖಾತೆಗೂ ಅದರದೇ ಇನ್‌ಬಾಕ್ಸ್, ಡ್ರಾಫ್ಟ್ಸ್, ಸೆಂಟ್, ಟ್ರ್ಯಾಶ್, ಅವುಗಳ ಕೆಳಗೆ ಎಂದೋ ಮುಗಿದುಹೋದ ಕೆಲಸಗಳ ಹೆಸರು ಹೊತ್ತ ಫೋಲ್ಡರ್‌ಗಳು ಸಾಲುಗಟ್ಟಿ, ಪಟ್ಟಿಯು ಪರದೆಯ ತಳವನ್ನೂ ದಾಟಿ ಹೋಗಿತ್ತು. ದಿನವೂ ತೆರೆಯಬೇಕಾದ ಫೋಲ್ಡರ್‌ಗೆ ಸ್ಕ್ರಾಲ್ ಮಾಡಿಕೊಂಡು ಹೋಗುವುದು ಎಷ್ಟು ರೂಢಿಯಾಗಿತ್ತೆಂದರೆ, ಅದು ತೊಂದರೆ ಎಂದೇ ಅನ್ನಿಸುತ್ತಿರಲಿಲ್ಲ. ಕಳೆದ ಭಾನುವಾರ ಬಿಡುವಿದ್ದುದರಿಂದ ಅದನ್ನು ಸರಿಪಡಿಸಲೆಂದೇ ಕುಳಿತೆ.

2023ರಲ್ಲಿ ಬಂದ 115ನೆಯ ಆವೃತ್ತಿಯಲ್ಲಿ ಈ ಆ್ಯಪ್‌ನ ನೋಟ ಸಾಕಷ್ಟು ಬದಲಾಯಿತು. ಫೋಲ್ಡರ್ ಪಟ್ಟಿಯ ಮೇಲ್ಭಾಗದಲ್ಲಿರುವ ಮೂರು ಚುಕ್ಕೆಗಳನ್ನು ಒತ್ತಿದರೆ 'ಫೋಲ್ಡರ್ ಮೋಡ್ಸ್' ಎಂಬ ಆಯ್ಕೆ ಸಿಗುತ್ತದೆ. ಎಲ್ಲ ಫೋಲ್ಡರ್‌ಗಳು, ಎಲ್ಲ ಖಾತೆಗಳನ್ನು ಒಂದುಗೂಡಿಸಿದ ಫೋಲ್ಡರ್‌ಗಳು, ಓದದ ಇಮೇಲ್ ಇರುವಂಥವು, ಮೆಚ್ಚಿನವು, ಇತ್ತೀಚೆಗೆ ತೆರೆದವು, ಹೀಗೆ ಹಲವು ಬಗೆಗಳಲ್ಲಿ ಪಟ್ಟಿಯನ್ನು ನೋಡಬಹುದು. ಒಂದಕ್ಕಿಂತ ಹೆಚ್ಚು ಬಗೆಗಳನ್ನು ಆರಿಸಿದರೆ ಪ್ರತಿಯೊಂದೂ ಪ್ರತ್ಯೇಕ ವಿಭಾಗವಾಗಿ ನಿಲ್ಲುತ್ತದೆ, ಅವನ್ನು ಮೇಲಕ್ಕೋ ಕೆಳಕ್ಕೋ ಸರಿಸಲೂ ಬರುತ್ತದೆ.

ಮೊದಲು ಒಂದುಗೂಡಿಸಿದ ಇನ್‌ಬಾಕ್ಸ್ ಪ್ರಯತ್ನಿಸಿದೆ. ಇದನ್ನು ಹೊಗಳುವವರು ಬಹಳ ಮಂದಿ, ಆದರೆ ನನಗೆ ಅದು ಹಿಡಿಸಲಿಲ್ಲ. ಕಚೇರಿಯ ತುರ್ತು ಪ್ರಶ್ನೆಯೊಂದರ ಪಕ್ಕದಲ್ಲೇ ವಿಮೆಯ ನೆನಪೋಲೆ, ಅದರ ಕೆಳಗೆ ಗೆಳೆಯನ ಪತ್ರ ಬಂದು ಕುಳಿತಾಗ, ಯಾವ ಖಾತೆಗೆ ಯಾವ ಹೊತ್ತಿನಲ್ಲಿ ಮನಸ್ಸು ಕೊಡಬೇಕೆಂದು ನಾನೇ ಹಾಕಿಕೊಂಡಿದ್ದ ಗೆರೆ ಅಳಿಸಿಹೋಯಿತು. ಅದನ್ನು ಕೂಡಲೇ ಮುಚ್ಚಿದೆ.

ಕೆಲಸಕ್ಕೆ ಬಂದದ್ದು ಮೆಚ್ಚಿನ ಫೋಲ್ಡರ್‌ಗಳ ವಿಭಾಗ. ಬೇಕಾದ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ 'ಫೇವರಿಟ್' ಎಂದು ಗುರುತಿಸುತ್ತ ಹೋದೆ. ಆರಂಭದಲ್ಲಿ ಪ್ರತಿ ಫೋಲ್ಡರ್‌ನ ತಲೆಯ ಮೇಲೆ ಅದರ ಖಾತೆಯ ಹೆಸರೂ ಬಂದು ಕುಳಿತದ್ದರಿಂದ ಜಾಗ ಅಷ್ಟೇನೂ ಉಳಿದಿರಲಿಲ್ಲ. ವಿಭಾಗದ ಚುಕ್ಕೆಗಳಲ್ಲಿ ಅಡಗಿದ್ದ 'ಕಾಂಪ್ಯಾಕ್ಟ್ ವ್ಯೂ' ಆರಿಸಿದ ಮೇಲೆ ಆ ಶೀರ್ಷಿಕೆಗಳೆಲ್ಲ ಕಳಚಿ, ನಿಜವಾಗಿ ಬೇಕಾದ ಫೋಲ್ಡರ್‌ಗಳು ಮಾತ್ರ ಒಂದರ ಕೆಳಗೊಂದು ನಿಂತವು. ಈ ವಿಭಾಗವನ್ನು ಮೇಲಕ್ಕೆ ಸರಿಸಿ, ಪೂರ್ಣ ಪಟ್ಟಿಯನ್ನು ಅದರ ಕೆಳಗೆ ಮಡಚಿಟ್ಟೆ.

ಬಣ್ಣಗಳ ಗೊಡವೆಯಲ್ಲೂ ಸ್ವಲ್ಪ ಹೊತ್ತು ಕಳೆಯಿತೆನ್ನಿ. ಫೋಲ್ಡರ್‌ನ ಪ್ರಾಪರ್ಟೀಸ್‌ನಲ್ಲಿ ಐಕಾನಿನ ಬಣ್ಣ ಬದಲಿಸಬಹುದು. ಎಲ್ಲಕ್ಕೂ ಬಣ್ಣ ಹಚ್ಚಿದರೆ ಯಾವುದೂ ಎದ್ದು ಕಾಣುವುದಿಲ್ಲವಾದ್ದರಿಂದ, ಉತ್ತರ ಬರೆಯಬೇಕಾದ ಪತ್ರಗಳ ಫೋಲ್ಡರ್‌ಗೆ ಮಾತ್ರ ಕೆಂಪು ಉಳಿಸಿಕೊಂಡೆ.

ಇಷ್ಟಾದರೂ ಕಣ್ಣನ್ನು ಎಳೆಯುತ್ತಿದ್ದದ್ದು ಹೆಸರುಗಳ ಪಕ್ಕದ ಓದದ ಇಮೇಲ್‌ಗಳ ಸಂಖ್ಯೆ. ಮಡಚಿಟ್ಟ ಫೋಲ್ಡರ್ ತನ್ನ ಒಳಗಿನ ಫೋಲ್ಡರ್‌ಗಳ ಲೆಕ್ಕವನ್ನೂ ಸೇರಿಸಿ ತೋರಿಸುವುದರಿಂದ, ಮುಚ್ಚಿಟ್ಟ ಮಾತ್ರಕ್ಕೆ ಕಾಟ ತಪ್ಪುವುದಿಲ್ಲ. ನನ್ನ ಮಟ್ಟಿಗೆ ಪಟ್ಟಿಯ ಉದ್ದಕ್ಕಿಂತ ಈ ಅಂಕಿಗಳೇ ಹೆಚ್ಚು ಗಮನ ಕೆಡಿಸುತ್ತಿದ್ದವು. ಸುದ್ದಿಪತ್ರಗಳು ಬಂದೊಡನೆ ತಮ್ಮ ಫೋಲ್ಡರ್‌ಗೆ ಹೋಗಿ 'ಓದಿದ್ದು' ಎಂದು ಗುರುತಾಗುವಂತೆ ಒಂದು ಫಿಲ್ಟರ್ ಬರೆದ ಮೇಲೆ ಉಳಿದ ಅಂಕಿಗಳಿಗೆ ಅರ್ಥ ಬಂತು. ಜಿಮೇಲ್‌ನ ವೆಬ್ ಪುಟದಲ್ಲಿ ಇದಕ್ಕೆ ಬೇರೊಂದು ದಾರಿಯಿದೆ: ಅಲ್ಲಿ ಫೋಲ್ಡರ್‌ನ ಕೆಲಸ ಮಾಡುವ ಲೇಬಲ್, ಓದದ ಇಮೇಲ್ ಇದ್ದಾಗ ಮಾತ್ರ ಕಾಣಿಸಿಕೊಳ್ಳುವಂತೆ ಮಾಡಬಹುದು. ಅಲ್ಲಿ ನಾವು ಮಾಡಿಕೊಂಡ ಲೇಬಲ್‌ಗಳು ಅಕ್ಷರಾನುಕ್ರಮದಲ್ಲೇ ನಿಲ್ಲುವುದರಿಂದ, ಬೇಕಾದದ್ದನ್ನು ಮೇಲೆ ತರಲು ಹೆಸರಿನ ಮುಂದೆ ಅಂಕಿ ಸೇರಿಸುವವರುಂಟು.

ಹಳೆಯ ಫೋಲ್ಡರ್‌ಗಳನ್ನು ಅಳಿಸಲು ಮನಸ್ಸಾಗಲಿಲ್ಲ. ಇಮೇಲ್‌ಗಳನ್ನು ಸರ್ವರ್‌ನಲ್ಲೇ ಇಟ್ಟುಕೊಳ್ಳುವ ಐಮ್ಯಾಪ್ ಬಗೆಯ ಖಾತೆಗಳಲ್ಲಿ ಅದರ ಅಗತ್ಯವೂ ಇಲ್ಲ. 'ಸಬ್‌ಸ್ಕ್ರೈಬ್' ಪಟ್ಟಿಯಲ್ಲಿ ಗುರುತು ತೆಗೆದರೆ ಫೋಲ್ಡರ್ ಪಟ್ಟಿಯಿಂದ ಮರೆಯಾಗುತ್ತದೆ, ಒಳಗಿನ ಇಮೇಲ್‌ಗಳು ಸರ್ವರ್‌ನಲ್ಲಿ ಹಾಗೆಯೇ ಇರುತ್ತವೆ. ಈ ಗುರುತು ಸರ್ವರ್‌ನಲ್ಲಿಯೇ ಉಳಿಯುವ ಕಾರಣ ನನ್ನ ಇನ್ನೊಂದು ಲ್ಯಾಪ್‌ಟಾಪ್‌ನಲ್ಲೂ ಆ ಫೋಲ್ಡರ್‌ಗಳು ಮಾಯವಾಗಿದ್ದವು. ಮೆಚ್ಚಿನ ಫೋಲ್ಡರ್‌ಗಳ ಗುರುತು ಮಾತ್ರ ಆಯಾ ಕಂಪ್ಯೂಟರ್‌ಗೆ ಸೇರಿದ್ದು, ಆದ್ದರಿಂದ ಅವನ್ನು ಅಲ್ಲಿ ಹೊಸದಾಗಿ ಆರಿಸಬೇಕಾಯಿತು, ಆಗ ಎರಡನ್ನು ಕೈಬಿಟ್ಟೆ.