ಹಾಕರ್ ಹರಿಕೇನ್, 1:48: ಬಟ್ಟೆಯ ಒಡಲಿಗೆ ಬಣ್ಣ ಬಂದ ಹಂತ

ಎರಡನೆಯ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಹಾಕರ್ ಹರಿಕೇನ್ ಮಾರ್ಕ್ 1ರ, ನಿಜ ಗಾತ್ರದ 48ರಲ್ಲಿ ಒಂದು ಪಾಲಿನ ಪ್ಲಾಸ್ಟಿಕ್ ಮಾದರಿಯ ಕೆಲಸ ಈಗ ಕ್ಯಾಮೊಫ್ಲಾಜ್ (ಮರೆಮಾಚುವ ಬಣ್ಣ) ಹಂತವನ್ನು ದಾಟಿದೆ. ಒಡಲಿನ ಎರಡು ಹೋಳುಗಳು ಕೂಡಿ, ರೆಕ್ಕೆಗಳು ಕೂತು, ಪ್ರೈಮರ್ ಮುಗಿದು, ಮೇಲ್ಭಾಗಕ್ಕೆ ಮಣ್ಣುಗಂದು ಮತ್ತು ಕಡುಹಸಿರು ಬಣ್ಣಗಳು ಬಂದಿವೆ. ಡಿಕಾಲ್‌ಗಳು (ಮಾದರಿಯ ಮೇಲೆ ಅಂಟಿಸುವ ತೆಳು ಗುರುತಿನ ಚಿತ್ರಗಳು), ಚಕ್ರಗಳು, ಪ್ರೊಪೆಲರ್ ಇನ್ನೂ ಬಾಕಿ ಇವೆ. 1940ರ ಬೇಸಿಗೆಯಲ್ಲಿ ಬ್ರಿಟನ್ನಿನ ಮೇಲಿನ ಆಕಾಶದಲ್ಲಿ ಹೋರಾಡಿದ ರೂಪದಲ್ಲಿಯೇ ಈ ವಿಮಾನವನ್ನು ತೋರಿಸಬೇಕೆಂದು ಮೊದಲೇ ನಿರ್ಧರಿಸಿದ್ದರಿಂದ ಬಣ್ಣಗಳ ಆಯ್ಕೆಯಲ್ಲಿ ಗೊಂದಲವಾಗಲಿಲ್ಲ. ಹೆಚ್ಚಿನ ಯೋಚನೆ ಬೇಕಾದದ್ದು ಇನ್ನೊಂದು ವಿಷಯಕ್ಕೆ: ಹರಿಕೇನ್ ಅರ್ಧ ಲೋಹದ, ಅರ್ಧ ಬಟ್ಟೆಯ ವಿಮಾನ, ಪೂರ್ತಿ ಪ್ಲಾಸ್ಟಿಕ್ಕಿನ ಮಾದರಿಯಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣುವಂತೆ ಮಾಡುವುದು ಹೇಗೆ?

ಸಿಡ್ನಿ ಕ್ಯಾಮ್ ವಿನ್ಯಾಸಗೊಳಿಸಿದ ಈ ವಿಮಾನ ಮೊದಲು ಹಾರಿದ್ದು 1935ರ ನವೆಂಬರ್ 6ರಂದು, ಬ್ರೂಕ್‌ಲ್ಯಾಂಡ್ಸ್‌ನಲ್ಲಿ. ಒಳಗೆ ಲೋಹದ ಕೊಳವೆಗಳ ಹಂದರ, ಅದರ ಸುತ್ತ ಒಡಲಿಗೆ ಆಕಾರ ಕೊಡುವ ಮರದ ಚೌಕಟ್ಟು ಮತ್ತು ಉದ್ದುದ್ದ ಪಟ್ಟಿಗಳು, ಅವುಗಳ ಮೇಲೆ ಡೋಪ್ ಎಂಬ ಮೆರುಗೆಣ್ಣೆ ಬಳಿದು ಬಿಗಿಗೊಳಿಸಿದ ಬಟ್ಟೆ: ಕಾಕ್‌ಪಿಟ್‌ನಿಂದ ಹಿಂದಿನ ಒಡಲೆಲ್ಲ ಹೀಗೇ ಇದೆ. ಎಂಜಿನ್ ಸುತ್ತಲಿನ ಮುಂಭಾಗಕ್ಕೆ ಮಾತ್ರ ಲೋಹದ ಹೊದಿಕೆ. ಮೊದಮೊದಲು ರೆಕ್ಕೆಗಳಿಗೂ ಬಟ್ಟೆಯೇ ಇತ್ತು. ನಾನು ಕಟ್ಟುತ್ತಿರುವುದು ಆಮೇಲೆ ಬಂದ ಲೋಹದ ರೆಕ್ಕೆಯ ವಿಮಾನ. ಹಳೆಯ ಕಾಲದ ಈ ರಚನೆಯನ್ನು ದೌರ್ಬಲ್ಯವೆಂದು ಎಣಿಸುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಗುಂಡು ತೂರಿಹೋದ ಬಟ್ಟೆಗೆ ವಿಮಾನನೆಲೆಯಲ್ಲಿಯೇ ತೇಪೆ ಹಾಕಿ ವಿಮಾನವನ್ನು ಮತ್ತೆ ಹಾರಾಟಕ್ಕೆ ಕಳುಹಿಸಲು ಸಾಧ್ಯವಾದದ್ದು ಈ ರಚನೆಯಿಂದಲೇ.

ಮಾದರಿಯ ಬಿಡಿಭಾಗಗಳ ಕಿಟ್‌ನಲ್ಲಿ, ಬಟ್ಟೆಯಡಿಯ ಆ ಪಟ್ಟಿಗಳನ್ನು ತೋರಿಸಲು, ಹಿಂಭಾಗದ ಒಡಲಿನ ಮೇಲೆ ಏಣುಗಳು ಮೂಡಿಬಂದಿವೆ, ಆದರೆ ಏಣು ಏಣುಗಳ ನಡುವಿನ ತಗ್ಗು ಸ್ವಲ್ಪ ಅತಿಯಾಗಿದೆ. ತಗ್ಗು ಕಾಲು ಮಿಲಿಮೀಟರ್ ಇದ್ದರೂ 1:48ರ ಲೆಕ್ಕದಲ್ಲಿ ಅದು ನಿಜವಾದ ವಿಮಾನದ ಮೇಲೆ 12 ಮಿಲಿಮೀಟರ್ ಆಗುತ್ತದೆ. ಡೋಪ್ ಕುಡಿದು ಒಣಗಿದ ಬಟ್ಟೆ ಹಾಗೆ ಜೋತುಬೀಳುವುದಿಲ್ಲ. ಅದು ಮೃದಂಗದ ಚರ್ಮದಂತೆ ಬಿಗಿಯಾಗಿರುತ್ತದೆ. ಆದ್ದರಿಂದ 800 ಮತ್ತು 1000 ಸಂಖ್ಯೆಯ ಉಪ್ಪುಕಾಗದವನ್ನು ನೀರಿನಲ್ಲಿ ನೆನೆಸಿ, ಮೆತ್ತನೆಯ ಸ್ಪಂಜಿಗೆ ಸುತ್ತಿ, ಏಣುಗಳ ಉದ್ದಕ್ಕೇ ಹಗುರವಾಗಿ ಉಜ್ಜುತ್ತಾ ಹೋದೆ. ಅಡ್ಡಡ್ಡ ಉಜ್ಜಿದರೆ ಏಣಿನ ನೆತ್ತಿ ಚಪ್ಪಟೆಯಾಗಿ ಹೊಳೆಯತೊಡಗುತ್ತದೆ, ಬಟ್ಟೆಯ ಭಾವ ಅಲ್ಲಿಗೆ ಮುಗಿಯಿತು. ಆಗಾಗ ಉಜ್ಜುವುದನ್ನು ನಿಲ್ಲಿಸಿ, ದೀಪವನ್ನು ಮಾದರಿಯ ಪಕ್ಕಕ್ಕೆ ತಗ್ಗಿಸಿಟ್ಟು, ಓರೆಯಾಗಿ ಬೀಳುವ ಬೆಳಕಿನಲ್ಲಿ ನೋಡಬೇಕು. ನೆರಳುಗಳು ಕೂದಲೆಳೆಯಷ್ಟು ತೆಳುವಾಗಿ, ಬಾಲದ ಕಡೆಗೆ ಒಂದಕ್ಕೊಂದು ಹತ್ತಿರವಾಗುತ್ತಾ ಹೋದರೆ ಅಷ್ಟು ಸಾಕು.

ಕಾಕ್‌ಪಿಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಮುಚ್ಚಿದ ಮೇಲೆ ಅದರಲ್ಲಿ ಕಾಣುವುದು ಕಡಿಮೆ. ಹರಿಕೇನ್‌ನಲ್ಲಿ ಪೈಲಟ್‌ನ ಕಾಲಡಿಗೆ ಪೂರ್ಣವಾದ ನೆಲಹಾಸು ಇರಲಿಲ್ಲವೆಂಬುದನ್ನು ನೆನಪಿಟ್ಟುಕೊಂಡು, ಆಸನದ ಕೆಳಗಿನ ಪೊಳ್ಳನ್ನು ಕಪ್ಪು ಬಣ್ಣದಿಂದ ಆಳಗೊಳಿಸಿದೆ, ಅಷ್ಟೇ.

ರೆಕ್ಕೆಯ ಕೆಳಹೋಳಿನ ಹಿಂಬದಿಯ ಅಂಚು ಹೊಟ್ಟೆಯನ್ನು ಸೇರುವ ಸಂದು ಈ ವಿಮಾನದ ಮಾದರಿ ಕಟ್ಟುವವರಿಗೆ ಚಿಂತೆಯ ಜಾಗ. ಸಂದಿನ ಆಚೆಗೇ ಬಟ್ಟೆಯ ಏಣುಗಳು ಶುರುವಾಗುವುದರಿಂದ ಪುಟ್ಟಿ ತುಂಬಿ ಉಜ್ಜಲು ಹೊರಟರೆ ಅವು ಅಳಿಸಿಹೋಗುತ್ತವೆ. ಹಾಗಾಗಿ ಅಂಟು ಮುಟ್ಟುವ ಮೊದಲೇ ಭಾಗಗಳನ್ನು ಮತ್ತೆ ಮತ್ತೆ ಜೋಡಿಸಿ ನೋಡಿ, ಒಡಲಿನ ಒಳಗೆ ಪ್ಲಾಸ್ಟಿಕ್ಕಿನ ತುಂಡೊಂದನ್ನು ಅಡ್ಡಲಾಗಿ ಕೂರಿಸಿ ಒಡಲನ್ನು ತುಸು ಅಗಲಿಸಿದೆ. ರೆಕ್ಕೆಯ ಬುಡದ ಬಿರುಕು ಇದರಿಂದ ತಾನಾಗಿ ಮುಚ್ಚಿಕೊಂಡಿತು. ತೆಳುವಾದ ಅಂಟನ್ನು ಕುಂಚದ ತುದಿಯಿಂದ ಮುಟ್ಟಿಸಿದರೆ ಸಂದಿನುದ್ದಕ್ಕೂ ಅದು ತಾನೇ ಹರಿದುಹೋಗುತ್ತದೆ. ಪುಟ್ಟಿ ಎಲ್ಲಿಯೂ ಬೇಕಾಗಲಿಲ್ಲ.

ಬಣ್ಣವನ್ನು ಗಾಳಿಯ ಒತ್ತಡದಿಂದ ಸಿಂಪಡಿಸುವ ಏರ್‌ಬ್ರಷ್‌ನಲ್ಲಿ, ಸುಮಾರು 15 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡದಲ್ಲಿ, ತೆಳುವಾದ ಪದರಗಳಾಗಿ ಹಾಕಿದ್ದೇನೆ. ಕೆಳಭಾಗಕ್ಕೆ ಸ್ಕೈ ಎಂದು ಕರೆಯುವ ತಿಳಿಹಸಿರು ಬಂದಿದೆ. ಅದಕ್ಕೂ ಹಿಂದೆ ಬಳಕೆಯಲ್ಲಿದ್ದ ಕಪ್ಪು–ಬಿಳುಪಿನ ಕೆಳಭಾಗಕ್ಕೆ ಬದಲಾಗಿ 1940ರ ಜೂನ್‌ನಿಂದ ಜಾರಿಗೆ ಬಂದ ಬಣ್ಣವದು. ಲೋಹ ಮತ್ತು ಬಟ್ಟೆಯ ವ್ಯತ್ಯಾಸವನ್ನು ನಾನು ತೋರಿಸಲು ಯತ್ನಿಸಿರುವುದು ಮುಖ್ಯವಾಗಿ ಈ ಹಂತದಲ್ಲಿಯೇ. ಒಂದೇ ಮಣ್ಣುಗಂದಿಗೆ ಹಿಂಭಾಗದಲ್ಲಿ ಹನಿಯಷ್ಟು ತಿಳಿಬಣ್ಣ ಬೆರೆಸಿ, ಏಣುಗಳ ನಡುವೆ ಮಾತ್ರ ಮಂಜಿನಂತೆ ತೆಳುವಾಗಿ ಸಿಂಪಡಿಸಿದೆ. ಮುಂಭಾಗದ ಲೋಹದ ಹೊದಿಕೆಗೆ ಅದನ್ನು ಮುಟ್ಟಿಸಲಿಲ್ಲ. ಅಲ್ಲಿ ತಗಡಿನ ಅಂಚುಗಳಿಗೂ ತಿರುಪುಗಳಿಗೂ ಗಾಢ ಬಣ್ಣದ ತೆಳು ನೀರನ್ನು ಹರಿಸಿ ಗೆರೆಗಳನ್ನು ಎತ್ತಿ ತೋರಿಸಿದೆ. ಬಣ್ಣ ಸವೆದು ಅಲ್ಯೂಮಿನಿಯಂ ಇಣುಕುವ ಗೀರುಗಳು ರೆಕ್ಕೆಯ ಬುಡದಲ್ಲಿ, ಜನ ಹತ್ತಿಳಿಯುವಲ್ಲಿ, ಎಂಜಿನ್ ಹೊದಿಕೆಯ ಅಂಚುಗಳಲ್ಲಿ ಇರಬೇಕು. ಬಟ್ಟೆಯ ಮೇಲೆ ಅಂತಹ ಬೆಳ್ಳಿಯ ಗೀರುಗಳನ್ನು ಹಾಕಿದ ಮಾದರಿಗಳನ್ನು ನೋಡಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಎಷ್ಟೇ ಕುಶಲವಾದ ಕೆಲಸವಾದರೂ ವಿಮಾನ ಯಾವುದರಿಂದ ಆಗಿದೆ ಎಂಬುದೇ ಅಲ್ಲಿ ಮರೆತುಹೋಗಿರುತ್ತದೆ.

ರೆಕ್ಕೆಯ ಮುಂದಿನ ಅಂಚಿನಲ್ಲಿ ಎಂಟು ಬ್ರೌನಿಂಗ್ ಮೆಷಿನ್‌ಗನ್‌ಗಳ ಕಂಡಿಗಳಿವೆ. ಧೂಳು ಮತ್ತು ತೇವ ಒಳಸೇರದಂತೆ ಅವುಗಳ ಮೇಲೆ ಕೆಂಪು ಡೋಪ್ ಬಳಿದ ಬಟ್ಟೆಯ ತುಣುಕು ಅಂಟಿಸುತ್ತಿದ್ದರು. ಮೊದಲ ಗುಂಡಿಗೇ ಅದು ಹರಿದುಹೋಗುತ್ತಿತ್ತು. ಇದಕ್ಕೆ ಡಿಕಾಲ್ ಇದ್ದರೂ ಅದನ್ನು ಬಳಸುತ್ತಿಲ್ಲ. ಮಾಸ್ಕಿಂಗ್ ಟೇಪಿನಲ್ಲಿ ಚಿಕ್ಕ ಚೌಕ ಕತ್ತರಿಸಿ ಅದರೊಳಗೆ ಕೆಂಪನ್ನು ತುಸು ದಪ್ಪವಾಗಿ ಹಚ್ಚಿದರೆ, ಟೇಪ್ ತೆಗೆದ ಮೇಲೆ ಉಳಿಯುವ ಅಂಚೇ ಬಟ್ಟೆಯ ಅಂಚಾಗಿ ಕಾಣುತ್ತದೆ.

ಮುಂದಿನ ಕೆಲಸ ಹೊಳಪಿನ ವಾರ್ನಿಷ್, ಆಮೇಲೆ ಡಿಕಾಲ್. ಒರಟು ಮೇಲ್ಮೈಯ ಮೇಲೆ ಡಿಕಾಲ್ ಕೂರಿಸಿದರೆ ಅದರಡಿ ಗಾಳಿ ಸಿಕ್ಕಿ ಬೆಳ್ಳಗೆ ಮಿನುಗುವುದರಿಂದ ಈ ಪದರವನ್ನು ಬಿಡುವಂತಿಲ್ಲ. ಬ್ರಿಟಿಷ್ ವಾಯುಪಡೆಯ ಗುರುತಾಗಿ ರೆಕ್ಕೆಯ ಮೇಲೆ ಕೆಂಪು–ನೀಲಿಯ ವೃತ್ತಗಳು, ಒಡಲಿನ ಪಕ್ಕದಲ್ಲಿ ಹಳದಿ ಹೊರಬಳೆಯ ವೃತ್ತಗಳು ಬರುತ್ತವೆ. ಒಡಲಿನ ವೃತ್ತ ಬರುವುದು ಏಣುಗಳ ಮೇಲೆಯೇ ಆದ್ದರಿಂದ ಮೆದುಗೊಳಿಸುವ ದ್ರಾವಣವನ್ನು ಹಲವು ಸಲ ಹಚ್ಚಿ, ಡಿಕಾಲ್ ತಗ್ಗುಗಳೊಳಗೆ ಇಳಿದು ಕೂರುವವರೆಗೂ ಕಾಯಬೇಕಾಗುತ್ತದೆ. ಆಂಟೆನಾ ತಂತಿಯ ವಿಚಾರ ಇನ್ನೂ ತೀರ್ಮಾನವಾಗಿಲ್ಲ: ಹಳೆಯ ಎಚ್‌ಎಫ್ (ಹೈ ಫ್ರೀಕ್ವೆನ್ಸಿ) ರೇಡಿಯೊ ಇದ್ದ ವಿಮಾನಗಳಿಗೆ ಕಂಬದಿಂದ ಬಾಲಕ್ಕೆ ತಂತಿ ಬೇಕಿತ್ತು, ವಿಎಚ್‌ಎಫ್ (ವೆರಿ ಹೈ ಫ್ರೀಕ್ವೆನ್ಸಿ) ಬಂದ ಮೇಲೆ ಬೇಕಾಗಲಿಲ್ಲ, 1940ರ ಆ ತಿಂಗಳುಗಳಲ್ಲಿಯೇ ಈ ಬದಲಾವಣೆ ನಡೆಯುತ್ತಿತ್ತು. ನಾನು ಆರಿಸುವ ಗುರುತಿನ ಅಕ್ಷರಗಳ ವಿಮಾನದ ಸ್ಪಷ್ಟವಾದ ಚಿತ್ರ ಕೈಗೆ ಸಿಗುವವರೆಗೆ ಕಂಬವನ್ನು ಮಾತ್ರ ಅಂಟಿಸಿ, ತಂತಿಯ ಜಾಗವನ್ನು ಖಾಲಿ ಬಿಡುತ್ತೇನೆ.