ಮಾಮಾ ಜಾತ್ರೆಗೆ ಹೋದ ವಾರ

ಪುಣೆ ಹತ್ತಿರದ ಚಾಕಣ್‌ನಲ್ಲಿ ನಮ್ಮ ಗೋಡೌನ್. ಕಾರು, ಬೈಕುಗಳ ಬಿಡಿಭಾಗಗಳು, ಸುಮಾರು ಆರು ಸಾವಿರ ಬಗೆ. ಕೊಲ್ಹಾಪುರ, ಸೊಲ್ಲಾಪುರ, ಬೆಳಗಾವಿ, ಹುಬ್ಬಳ್ಳಿ ಅಂಗಡಿಗಳಿಗೆ ದಿನಾ ಇಲ್ಲಿಂದಲೇ ಮಾಲು ಹೋಗುತ್ತದೆ. ರ‍್ಯಾಕ್‌ನಿಂದ ಮಾಲು ತೆಗೆದು ಕೊಡುವವರು 14 ಜನ. ಅವರಲ್ಲಿ ಹಿರಿಯರೊಬ್ಬರು ಇಂಡಿ ಕಡೆಯವರು, ಎಲ್ಲರೂ ಮಾಮಾ ಅಂತಲೇ ಕರೆಯುತ್ತೇವೆ. ಯಾವ ಬಾಕ್ಸ್ ಎಲ್ಲಿದೆ ಅಂತ ನಮ್ಮ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಗೆ ಗೊತ್ತಿಲ್ಲ, ಮಾಮಾಗೆ ಗೊತ್ತು.

ಪ್ರತಿ ಸಂಕ್ರಾಂತಿಗೆ ಮಾಮಾ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಹೋಗುತ್ತಾರೆ. ಆ ವಾರ ಗೋಡೌನ್‌ನಿಂದ ಅವರಿಗೆ ದಿನಕ್ಕೆ ಹತ್ತಾರು ಫೋನ್. ಜಾತ್ರೆಯ ಗದ್ದಲದ ನಡುವೆ ನಿಂತು "ಮೂರನೇ ಓಣಿ, ಮ್ಯಾಲಿನ ಹಲಗಿ, ಹಳೇ ಗ್ಯಾಸ್ಕೆಟ್ ಹಿಂದ ನೋಡ್ರಿ" ಅಂತ ಹೇಳುತ್ತಿರುತ್ತಾರೆ. ಆ ವಾರ ತಪ್ಪು ಮಾಲು ಹೋಗುವುದೂ ಜಾಸ್ತಿ, ರಾತ್ರಿ ಕೆಲಸವೂ ಜಾಸ್ತಿ. ವೇರ್‌ಹೌಸ್ ಮ್ಯಾನೇಜ್‌ಮೆಂಟ್ ಸಿಸ್ಟಮ್ (ಯಾವ ಮಾಲು ಯಾವ ಜಾಗದಲ್ಲಿದೆ ಅಂತ ಲೆಕ್ಕ ಇಟ್ಟು, ತೆಗೆಯುವಾಗ ಸ್ಕ್ಯಾನ್ ಮಾಡಿ ಸರಿ ನೋಡುವ ಸಾಫ್ಟ್‌ವೇರ್) ಬೇಕೇ ಬೇಕು ಅಂತ ನನಗೆ ಅನ್ನಿಸಿದ್ದು ಅಂಥದ್ದೊಂದು ವಾರದಲ್ಲೇ.

ಆದರೆ ಅನ್ನಿಸಿದರೆ ಸಾಲದು, ಮಾಲೀಕರಿಗೆ ಲೆಕ್ಕ ತೋರಿಸಬೇಕು. ನಮ್ಮ ಮಾಲೀಕರು ನಿಪ್ಪಾಣಿಯವರು, ಮೂವತ್ತು ವರ್ಷದ ಹಿಂದೆ ಪುಣೆಗೆ ಬಂದವರು. ಕಾಕಾ ಅಂತ ಕರೆಯುತ್ತೇವೆ. ನಾನು ಮೊದಲ ಸಲ ಸಾಫ್ಟ್‌ವೇರ್ ಕಂಪನಿಯವರು ಕೊಟ್ಟ ಹಾಳೆಯನ್ನೇ ಸ್ವಲ್ಪ ತಿದ್ದಿ ಅವರ ಮುಂದೆ ಇಟ್ಟೆ. ಒಂದೇ ವರ್ಷದಲ್ಲಿ ಹಾಕಿದ ದುಡ್ಡು ವಾಪಸ್ ಅಂತ ಅದರಲ್ಲಿತ್ತು. ಕಾಕಾ ಎರಡೇ ಸಾಲಿನ ಮೇಲೆ ಬೆರಳಿಟ್ಟರು.

ಒಂದು, ನಾಲ್ಕು ಜನರ ಸಂಬಳ ಉಳಿತಾಯ ಅಂತ ಬರೆದಿದ್ದ ಸಾಲು. "ಯಾರ್ನ ತಗೀತಿ? ಹೆಸರ ಹೇಳು" ಅಂದರು. ನನ್ನ ಹತ್ತಿರ ಒಂದು ಹೆಸರೂ ಇರಲಿಲ್ಲ. ತೆಗೆಯುವ ಯೋಚನೆಯೂ ಇರಲಿಲ್ಲ. ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ಸಂಬಳ ಅಷ್ಟೇ ಹೋಗುತ್ತಿದ್ದರೆ ಅದು ಉಳಿತಾಯ ಹೇಗಾಗುತ್ತದೆ?

ಇನ್ನೊಂದು, ಸ್ಟಾಕ್ 20 ಲಕ್ಷ ಕಡಿಮೆ ಮಾಡಬಹುದು, ಅದೇ 20 ಲಕ್ಷ ಲಾಭ ಅಂತ ಬರೆದಿದ್ದು. "ಅದು ನಂದ ರೊಕ್ಕ ಅಲ್ಲೇನಪಾ? ಗೋಡೌನ್‌ನಾಗ ಇದ್ದದ್ದು ಬ್ಯಾಂಕಿಗೆ ಬಂತು, ಅಷ್ಟ. ಬಡ್ಡಿ ಉಳಿದ್ರ ಅದನ್ನ ಬರಿ" ಅಂದರು. ಸರಿಯಾದ ಮಾತು. ಆ ಬಡ್ಡಿ ಉಳಿಯಬೇಕಾದರೂ ನಮ್ಮಲ್ಲಿ ಖರೀದಿ ನೋಡುವವರು ಆರ್ಡರ್ ಹಾಕುವ ರೀತಿ ಬದಲಾಗಬೇಕು. ಬರೀ ಸಿಸ್ಟಮ್ ಬಂದರೆ ಅದು ಆಗುವುದಿಲ್ಲ. ಎರಡೂ ಸಾಲು ಅಳಿಸಿದೆ. ಉಳಿದದ್ದರಲ್ಲಿ ನಮ್ಮದು ಅನ್ನುವ ಅಂಕಿ ಒಂದೂ ಇರಲಿಲ್ಲ.

ಆಮೇಲೆ ಎರಡು ವಾರ ಒಂದು ನೋಟ್‌ಬುಕ್, ಫೋನಿನ ಸ್ಟಾಪ್‌ವಾಚ್ ಹಿಡಿದು ಹುಡುಗರ ಹಿಂದೆ ಓಡಾಡಿದೆ. ಯಾಕೆ ಅಂತ ಮೊದಲೇ ಎಲ್ಲರಿಗೂ ಹೇಳಿದ್ದೆ. ಇಲ್ಲದಿದ್ದರೆ ಯಾರ ತಪ್ಪು ಹುಡುಕುತ್ತಿದ್ದಾರೋ ಅಂತ ಹೆದರುತ್ತಾರೆ, ಹೆದರಿದವರು ಎಂದಿನಂತೆ ಕೆಲಸ ಮಾಡುವುದಿಲ್ಲ.

ಒಂದು ದಿನದ ಪುಟ ಈಗಲೂ ನನ್ನ ಹತ್ತಿರ ಇದೆ. 18 ಸಾಲಿನ ಒಂದು ಪಿಕ್ ಲಿಸ್ಟ್ (ಒಂದು ಆರ್ಡರ್‌ಗೆ ತೆಗೆಯಬೇಕಾದ ಮಾಲಿನ ಪಟ್ಟಿ), ಶುರುವಿನಿಂದ ಕೊನೆವರೆಗೆ 52 ನಿಮಿಷ. ಬಾಕ್ಸ್ ಕೈಗೆ ತಗೊಂಡು, ಎಣಿಸಿ, ಟ್ರಾಲಿಗೆ ಹಾಕಿದ್ದು 15 ನಿಮಿಷ. ಉಳಿದ 37 ನಿಮಿಷ ನಡೆದಿದ್ದು, ಹುಡುಕಿದ್ದು. ಅದರಲ್ಲಿ ಒಂದೇ ಒಂದು ಕ್ಲಚ್ ಕೇಬಲ್‌ಗೆ 9 ನಿಮಿಷ. ಅದು ಇರಬೇಕಾದ ಜಾಗದಲ್ಲಿ ಅದೇ ಬಣ್ಣದ ಬಾಕ್ಸ್, ಅದೇ ಚೀಟಿ, ಪಾರ್ಟ್ ನಂಬರಿನ ಕೊನೆಯ ಅಂಕಿ ಮಾತ್ರ ಬೇರೆ. ಹುಡುಗ ಅದನ್ನು ಕೈಗೆ ತಗೊಂಡು, ಟ್ರಾಲಿಗೆ ಹಾಕಿ, ಎರಡು ಹೆಜ್ಜೆ ಹೋಗಿ, ವಾಪಸ್ ಬಂದು ಮತ್ತೆ ನೋಡಿದ. ಸಂಜೆ ಏಳು ಗಂಟೆಗೆ, ಕಣ್ಣು ದಣಿದಿರುವಾಗ ಹಾಗೆ ವಾಪಸ್ ಬಂದು ನೋಡುತ್ತಾರಾ? ತಪ್ಪು ಆಗುವುದು ಅಲ್ಲೇ.

ತಪ್ಪು ಮಾಲಿನ ಬೆಲೆಯನ್ನೂ ಒಂದೊಂದಾಗಿ ಕೂಡಿಸಿದೆ. ಹುಬ್ಬಳ್ಳಿಗೆ ತಪ್ಪು ಪಾರ್ಸೆಲ್ ಹೋದರೆ ಲಾರಿ ಬಾಡಿಗೆ ಮೂರು ಸಲ: ಹೋಗಿದ್ದು, ವಾಪಸ್ ಬಂದಿದ್ದು, ಸರಿಯಾದದ್ದನ್ನು ಮತ್ತೆ ಕಳಿಸಿದ್ದು. ಅದರ ಮೇಲೆ ಕ್ರೆಡಿಟ್ ನೋಟ್ (ವಾಪಸ್ ಬಂದ ಮಾಲಿನ ಮೊತ್ತ ಕಳೆಯುವ ಚೀಟಿ) ಮಾಡುವ ಅಕೌಂಟ್ಸ್ ಹುಡುಗಿಯ ಸಮಯ, ನಮ್ಮವರ ಒಂದು ಗಂಟೆ. ಒಟ್ಟು ಹತ್ತಿರ ಹತ್ತಿರ 700 ರೂಪಾಯಿ. ತಿಂಗಳಿಗೆ ಸುಮಾರು 20 ಸಲ, ಅಂದರೆ ವರ್ಷಕ್ಕೆ 1,68,000. ಅಲ್ಲಿ ಗ್ಯಾರೇಜಿನಲ್ಲಿ ಗಾಡಿ ಬಿಚ್ಚಿಟ್ಟು ಕಾಯುವವರ ಸಿಟ್ಟಿಗೆ ನಾನು ಬೆಲೆ ಕಟ್ಟಲಿಲ್ಲ. ಅದು ದೊಡ್ಡದೇ, ಆದರೆ ನನ್ನ ಹತ್ತಿರ ಅದಕ್ಕೆ ರಸೀದಿ ಇಲ್ಲ.

ಓವರ್‌ಟೈಮ್‌ಗೆ ರಸೀದಿ ಇತ್ತು. ಮಹಾರಾಷ್ಟ್ರದ ಕಾನೂನಿನಂತೆ ಹೆಚ್ಚುವರಿ ಗಂಟೆಗೆ ಎರಡು ಪಟ್ಟು ಕೂಲಿ. ತಿಂಗಳಿಗೆ ಸುಮಾರು 60,000 ಹೋಗುತ್ತಿತ್ತು, ವರ್ಷಕ್ಕೆ 7,20,000.

ಮೂರನೆಯದನ್ನು ನಮ್ಮ ಆಡಿಟರ್ ಹೇಳಿಕೊಟ್ಟರು. ಮಾರ್ಚ್ ಎಣಿಕೆಯಲ್ಲಿ ಸಿಗದ ಮಾಲು ಆ ವರ್ಷ 2,50,000 ರೂಪಾಯಿದು. ಕಳೆದುಹೋದ ಮಾಲಿಗೆ ಖರೀದಿಯಲ್ಲಿ ತಗೊಂಡ ಜಿಎಸ್‌ಟಿ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿ, ಆಮೇಲೆ ನಮ್ಮ ತೆರಿಗೆಯಲ್ಲಿ ಮುರಿದುಕೊಂಡ ಹಣ) ಕೂಡ ವಾಪಸ್ ಕಟ್ಟಬೇಕು. ಬಿಡಿಭಾಗಗಳ ಮೇಲಿನ ತೆರಿಗೆ 2025ರ ಸೆಪ್ಟೆಂಬರ್‌ನಲ್ಲಿ 18 ಪರ್ಸೆಂಟ್‌ಗೆ ಇಳಿಯಿತು. ನಮ್ಮ ಈ ಲೆಕ್ಕ ಅದಕ್ಕೂ ಹಿಂದಿನದು, ಆಗ ಹೆಚ್ಚಿನವಕ್ಕೆ 28. ಹಾಗಾಗಿ ಇನ್ನೂ 70,000 ಸೇರಿ 3,20,000. ಇದನ್ನು ಯಾರೂ ಗೋಡೌನ್ ಖರ್ಚು ಅಂತ ನೋಡಿರಲಿಲ್ಲ. ಅದು ಅಕೌಂಟ್ಸ್ ಪುಸ್ತಕದಲ್ಲೇ ಮುಗಿದು ಹೋಗುತ್ತಿತ್ತು.

ಮೂರರಲ್ಲೂ ಅರ್ಧ ಮಾತ್ರ ಉಳಿಯುತ್ತದೆ ಅಂತ ಹಿಡಿದೆ. ವರ್ಷಕ್ಕೆ 6,04,000.

ಖರ್ಚಿನ ಕಡೆ ಇನ್ನೂ ಬಿಗಿಯಾಗಿ ಬರೆದೆ. ಸಿಸ್ಟಮ್ ಕೂರಿಸಿ ಟ್ಯಾಲಿಗೆ ಜೋಡಿಸಲು ಮೂರೂವರೆ ಲಕ್ಷ. ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ಎಂಟು, 2,80,000. ವೈಫೈಗೆ 90,000, ಯಾಕೆಂದರೆ ಕಬ್ಬಿಣದ ರ‍್ಯಾಕ್‌ಗಳ ನಡುವೆ ಆಫೀಸಿನ ವೈಫೈ ತಲುಪುವುದಿಲ್ಲ. ಲೇಬಲ್ ಪ್ರಿಂಟರ್, ರ‍್ಯಾಕ್ ಲೇಬಲ್ 60,000. ಇನ್ನೊಂದು 1,20,000 ಯಾವ ಕೊಟೇಷನ್‌ನಲ್ಲೂ ಇರಲಿಲ್ಲ. ಹಳೇ ಪಾರ್ಟ್ ನಂಬರ್‌ಗಳನ್ನು ಸರಿ ಮಾಡಬೇಕು, ಒಂದಷ್ಟು ದಿನ ಹಳೇದು ಹೊಸದು ಎರಡೂ ಒಟ್ಟಿಗೆ ನಡೆಸಬೇಕು, ಅದರ ಓವರ್‌ಟೈಮ್ ಅದು. ಒಂದು ಸಲದ ಖರ್ಚು ಒಟ್ಟು ಒಂಬತ್ತು ಲಕ್ಷ. ಮೇಲೆ ವರ್ಷ ವರ್ಷ 2,40,000 ಸಾಫ್ಟ್‌ವೇರ್ ಚಂದಾ. ಇವುಗಳ ಮೇಲೆ ಕಟ್ಟುವ ಜಿಎಸ್‌ಟಿ ನಮಗೆ ಕ್ರೆಡಿಟ್ ಸಿಗುವುದರಿಂದ ಅದನ್ನು ಸೇರಿಸಲಿಲ್ಲ.

ಚಂದಾ ಕಳೆದರೆ ವರ್ಷಕ್ಕೆ ಉಳಿಯುವುದು 3,64,000. ಒಂಬತ್ತು ಲಕ್ಷ ವಾಪಸ್ ಬರಲು ಎರಡೂವರೆ ವರ್ಷ.

ಒಂದು ವರ್ಷ ಅಂದಿದ್ದ ಹಾಳೆಯನ್ನು ಬೇಡ ಅಂದವರು ಎರಡೂವರೆ ವರ್ಷದ ಹಾಳೆಗೆ ಏನು ಹೇಳುತ್ತಾರೋ ಅಂತ ನನಗೆ ಅಳುಕು ಇತ್ತು. ಕಾಕಾ ಕೇಳಿದ್ದು ಒಂದೇ. "ಅರ್ಧಾನೂ ಆಗ್ಲಿಲ್ಲಂದ್ರ?" ಮೂರನೇ ಒಂದು ಭಾಗ ಉಳಿದರೆ ಏನು ಅಂತ ಅಲ್ಲೇ ಕೂಡಿಸಿ ತೋರಿಸಿದೆ: ಚಂದಾ ಕಳೆದು ಒಂದೂವರೆ ಲಕ್ಷದ ಆಸುಪಾಸು, ದುಡ್ಡು ವಾಪಸ್ ಬರಲು ಆರು ವರ್ಷ. ಮುಚ್ಚಿಡಲಿಲ್ಲ. ಕಾಕಾ ಸ್ವಲ್ಪ ಹೊತ್ತು ಸುಮ್ನೆ ಕೂತು, "ಮಾಮಾ ಇನ್ನ ಎಷ್ಟ ವರ್ಷ ಕೆಲಸ ಮಾಡ್ತಾನ?" ಅಂದರು. ಹಾಳೆಯಲ್ಲಿ ಇಲ್ಲದ ಸಾಲನ್ನು ಅವರೇ ಓದಿದ್ದರು. ಮರುದಿನ ಒಪ್ಪಿಗೆ ಸಿಕ್ಕಿತು.

ರ‍್ಯಾಕ್‌ಗಳಿಗೆ ನಂಬರ್ ಹಾಕುವ ಕೆಲಸ ಮಾಮಾ ಕೈಗೇ ಕೊಟ್ಟೆವು. ಜಾಸ್ತಿ ಓಡುವ ಬ್ರೇಕ್ ಶೂ, ಫಿಲ್ಟರ್ ಡಾಕ್ (ಲಾರಿಗೆ ಮಾಲು ಹತ್ತಿಸುವ ಜಾಗ) ಹತ್ತಿರಕ್ಕೆ ಬಂದಿದ್ದು, ಒಂದೇ ಥರ ಕಾಣುವ ಬಾಕ್ಸ್‌ಗಳು ದೂರ ದೂರ ಹೋಗಿದ್ದು ಅವರ ಮಾತಿನಿಂದಲೇ.

ಆ ಹಾಳೆ ಈಗ ಡಾಕ್ ಪಕ್ಕದ ಗೋಡೆಯ ಮೇಲಿದೆ. ಅಂದುಕೊಂಡದ್ದು ಒಂದು ಕಡೆ, ಆದದ್ದು ಇನ್ನೊಂದು ಕಡೆ. ತಿಂಗಳ ಕೊನೆಗೆ ನಾನೇ ತುಂಬುತ್ತೇನೆ. ತಪ್ಪು ಮಾಲಿನ ಸಾಲು ಅಂದುಕೊಂಡದ್ದಕ್ಕಿಂತ ಚೆನ್ನಾಗಿದೆ. ಓವರ್‌ಟೈಮ್ ಮೊದಲ ಮೂರು ತಿಂಗಳು ಏರಿ, ಆಮೇಲೆ ಇಳಿಯಿತು, ಆದರೆ ಇನ್ನೂ ಅರ್ಧಕ್ಕೆ ಬಂದಿಲ್ಲ. ತಳೇಗಾಂವ್ ಚೌಕದ ಟ್ರಾಫಿಕ್‌ನಲ್ಲಿ ಲಾರಿ ಸಿಕ್ಕಿಕೊಂಡು ರಾತ್ರಿ ಎಂಟಕ್ಕೆ ಬಂದರೆ ಸ್ಕ್ಯಾನರ್ ಏನು ಮಾಡೀತು? ಆ ಕಾಯುವ ಗಂಟೆಗಳನ್ನು ಈ ತಿಂಗಳಿಂದ ಬೇರೆ ಸಾಲಿನಲ್ಲಿ ಬರೆಯುತ್ತಿದ್ದೇನೆ.